ಹಮಾಲ ಮತ್ತು ತುಂಗಕ್ಕನ ರೊಟ್ಟಿ

ಇಂಟರ್ನೆಟ್ ಕಂಪನಿಯವರು ಆ ಯಂತ್ರಕ್ಕೆ ಇಟ್ಟ ಹೆಸರು 'ವೇಗವಿವೇಕ'. ಗದಗಿನ ಕಂಟ್ರೋಲ್ ರೂಮಿನಲ್ಲಿ ಕೂತು ಕೆಲಸ ಮಾಡುವವರ ನಾಲಿಗೆಗೆ ಆ ಹೆಸರು ಒಗ್ಗಲೇ ಇಲ್ಲ. ಯಂತ್ರ ಬಂದ ವಾರದಲ್ಲೇ ಅವರಲ್ಲೊಬ್ಬನಾದ ದಾದಾಪೀರ ಅದನ್ನು ಹಮಾಲ ಎಂದು ಕರೆದ, ಅದೇ ಗಟ್ಟಿಯಾಯಿತು. ಎಪಿಎಂಸಿ ಅಂಗಳದಲ್ಲಿ ಚೀಲ ಹೊರುವವರ ಹಾಗೆ ಇದರದೂ ಹೊರುವ ಕೆಲಸವೇ. ನಾಲ್ಕು ಜಿಲ್ಲೆಯ ಜನ ಫೋನಿನಲ್ಲಿ ಏನೇ ಒತ್ತಲಿ, ಮಾತು, ಚಿತ್ರ, ಪಾಠ, ಜಗಳ, ಎಲ್ಲವೂ ಸಣ್ಣ ಸಣ್ಣ ಗಂಟುಗಳಾಗಿ ಈ ಕೋಣೆಗೆ ಬರುತ್ತಿತ್ತು. ಹಮಾಲ ಅವನ್ನು ಎತ್ತಿ ಮುಂದಕ್ಕೆ ಸಾಗಿಸುತ್ತಿತ್ತು.

ಹಿಂದೆ ಇದ್ದ ಯಂತ್ರಗಳೂ ಇದನ್ನೇ ಮಾಡುತ್ತಿದ್ದವು. ಆದರೆ ಅವಕ್ಕೆ ಓದು ಬರುತ್ತಿರಲಿಲ್ಲ ಎನ್ನಬಹುದು. ಗಂಟು ಯಾರದು ಎಂದು ನೋಡದೆ, ಬಂದ ಸಾಲಿನಲ್ಲೇ ಎತ್ತುತ್ತಿದ್ದವು. ಎಲ್ಲ ಗಂಟುಗಳನ್ನೂ ಒಂದೇ ಸಮನಾಗಿ ಸಾಗಿಸಬೇಕು ಎಂಬ ನಿಯಮ ಆಗ ಇತ್ತು. ಆ ನಿಯಮ ಒಂದು ದಿನ ಸದ್ದಿಲ್ಲದೆ ಹೋಯಿತು. ಹೋದದ್ದು ಊರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಮದುವೆ ಸೀಸನ್ನಿನಲ್ಲಿ ಯಾರಿಗೆ ಪುರುಸೊತ್ತು? ಹೊಸ ಹಮಾಲ ಗಂಟಿನ ಮೇಲಿನ ಹೆಸರು ಓದುತ್ತಿತ್ತು. ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ ದೊಡ್ಡ ಜಾಲತಾಣಗಳ ಗಂಟು ಬಂದರೆ ಕೂಡಲೇ ದಾರಿ. ಉಳಿದವರ ಗಂಟು ಬಂದರೆ, 'ಅಂಗಳದಾಗ ಕುಂದ್ರು, ಆಮ್ಯಾಲ ನೋಡೂನು.'

ಒಪ್ಪಂದದವರ ಪಟ್ಟಿಯೊಂದನ್ನು ಕೊಟ್ಟು ಕಂಪನಿಯವರು ಸುಮ್ಮನಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವರು ಜಾಣರು, ಸ್ವಲ್ಪ ಹೆಚ್ಚೇ ಜಾಣರು. ಆಸ್ಪತ್ರೆ, ವಿದ್ಯುತ್ತು, ರೈಲು, ಇಂಥ ಮಹತ್ವದ ಕೆಲಸಗಳು ಎಲ್ಲೆಲ್ಲಿವೆ ಎಂದು ಬರೆದುಕೊಡಲು ಅವರಿಗೆ ಬೇಜಾರು. ಅದಕ್ಕೆ ಹಮಾಲನಿಗೆ ನೋಡಿ ಕಲಿಯುವ ಬುದ್ಧಿ ಕೊಟ್ಟರು. ಲೈನ್ ಕೆಟ್ಟು ದುರಸ್ತಿಯಾದ ಮೇಲೆ ಸಿಬ್ಬಂದಿ ಮೊಟ್ಟಮೊದಲು ಯಾವುದನ್ನು ತೆರೆದು ಪರೀಕ್ಷೆ ಮಾಡುತ್ತಾರೋ ಅದೇ ಜಾಲದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಎಂದು ತಿಳಿದುಕೋ, ಅದಕ್ಕೆ ಒಪ್ಪಂದದವರಿಗಿಂತ ಮೊದಲು ದಾರಿ ಬಿಡು ಎಂದು ಹೇಳಿಕೊಟ್ಟರು.

ಹಗಲು ಪಾಳಿಯ ಮುಖ್ಯಸ್ಥೆ ಕಸ್ತೂರಿ ಹಡಪದ ಇದನ್ನೆಲ್ಲ ತರಬೇತಿಯಲ್ಲಿ ಕೇಳಿದ್ದಳು, ತಲೆ ಅಲ್ಲಾಡಿಸಿದ್ದಳು, ಮರೆತಿದ್ದಳು. ಆ ದಿನಗಳಲ್ಲಿ ಅವಳ ತಲೆಯಲ್ಲಿ ಇದ್ದದ್ದು ಒಂದೇ ಚಿಂತೆ, ಅತ್ತೆಯದು.

ಸಂಕ್ರಾಂತಿ ಮುಗಿದ ಮೇಲೆ ಅತ್ತೆ ಶಾವಂತ್ರೆವ್ವನಿಗೆ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಸೋತವು. ಕಾಲಿಗೆ ಸ್ವಲ್ಪ ಸ್ವಲ್ಪವಾಗಿ ಬಲ ಬಂತು, ಮಾತು ಮಾತ್ರ ಬರಲಿಲ್ಲ. ಹೇಳಿದ್ದೆಲ್ಲ ಆಕೆಗೆ ತಿಳಿಯುತ್ತಿತ್ತು. ಹೇಳಬೇಕಾದದ್ದು ಗಂಟಲಿನ ತನಕ ಬಂದು ನಿಲ್ಲುತ್ತಿತ್ತು. ಇಡೀ ಬೆಟಗೇರಿ ಓಣಿಯಲ್ಲಿ ಶಾವಂತ್ರೆವ್ವನಷ್ಟು ಬಾಯಿ ಇದ್ದ ಹೆಂಗಸು ಬೇರೆ ಇರಲಿಲ್ಲ. ತರಕಾರಿ ಗಾಡಿಯವನು ಆಕೆಯ ಮನೆ ಬಂದಾಗ ದನಿ ತಗ್ಗಿಸುತ್ತಿದ್ದ. ಅಂಥವಳು ಈಗ ಹೊರಸಿನ ಮೇಲೆ ಕೂತು ಬಾಗಿಲ ಕಡೆ ನೋಡುತ್ತಿದ್ದಳು.

ಕಸ್ತೂರಿ ಈ ಮನೆಗೆ ಸೊಸೆಯಾಗಿ ಬಂದಾಗ ಪಿಯುಸಿ ಮುಗಿಸಿದ್ದಳು, ಅಷ್ಟೆ. ಮುಂದೆ ಓದಬೇಕೆಂಬ ಆಸೆಯನ್ನು ಅವಳು ಗಂಡನ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಅದು ಹೇಗೋ ಅತ್ತೆಗೆ ತಿಳಿಯಿತು. "ಒಲಿ ನಾ ನೋಡ್ಕೋತೀನಿ, ನೀ ಕಾಲೇಜಿಗೆ ನಡಿ," ಎಂದಳು, ಮುಗಿಯಿತು. ಸೊಸೆ ಇಂಜಿನಿಯರಿಂಗ್ ಓದುವಷ್ಟು ವರ್ಷವೂ ಶಾವಂತ್ರೆವ್ವ ರೊಟ್ಟಿ ಬಡಿದು ಮಾರಿದಳು, ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತು ಸಾಕಿದಳು, ಬೀಗರು ಆಡಿದ ಮಾತುಗಳನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದಳು. ಇದಕ್ಕೆಲ್ಲ ಕಸ್ತೂರಿ ಒಂದು ದಿನವೂ ಅತ್ತೆಯ ಮುಂದೆ ಕೂತು ಏನೂ ಹೇಳಿರಲಿಲ್ಲ. ನಮ್ಮ ಕಡೆ ಮನೆಯವರಿಗೆ ಥ್ಯಾಂಕ್ಸ್ ಹೇಳಿದರೆ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡುತ್ತಾರೆ. ಆದರೂ ಹೇಳಬೇಕಿತ್ತು ಎಂದು ಅವಳಿಗೆ ಈಗ ಅನಿಸುತ್ತಿತ್ತು. ಹೇಳಿದರೆ ಅತ್ತೆ ತಿರುಗಿ ಬೈಯಬೇಕು, ಆ ಬೈಗುಳ ಕೇಳಬೇಕು ಎಂದು ಜೀವ ಹಂಬಲಿಸುತ್ತಿತ್ತು.

ಮಾತು ಕಲಿಸುವ ಫರ್ಜಾನಾ ಮೇಡಂ ಧಾರವಾಡದವರು. 'ಮಾತಿನ ಮನೆ' ಎಂಬ ಸಣ್ಣ ತಾಣ ಅವರದು. ದಿನಾ ಬೆಳಿಗ್ಗೆ ಫೋನಿನಲ್ಲಿ ಎದುರು ಬದುರು ಕೂತು ಪಾಠ. ಅವರೊಂದು ಶಬ್ದ ಹೇಳಿ, ತೊಡೆಯ ಮೇಲೆ ತಾಳ ಹಾಕುವುದು. ಅದೇ ತಾಳಕ್ಕೆ ಶಾವಂತ್ರೆವ್ವ ಎಡಗೈ ತಟ್ಟಿ ಬಾಯಿ ತೆರೆಯುವುದು. "ಮಿದುಳಿನಾಗ ಮಾತಿನ ಜಾಗಾ ಪೆಟ್ಟು ತಿಂದೈತಿ. ಹಾಡು, ತಾಳ ಇರೂ ಜಾಗಾ ಚಲೋ ಐತಿ. ಆ ದಾರೀಲೆ ಮಾತು ಹೊರಗ ತರಾಕ ನೋಡಾಕತ್ತೀನಿ," ಎಂದು ಮೇಡಂ ವಿವರಿಸಿದ್ದರು. ತಾಳ ತಪ್ಪಿದರೆ ಪಾಠವೇ ಇಲ್ಲ.

ಹೊಸ ಹಮಾಲ ಬಂದ ಮೇಲೆ ತಾಳ ತಪ್ಪಿತು. ಮಾತಿನ ಮನೆಗೆ ಯಾವ ಒಪ್ಪಂದವೂ ಇರಲಿಲ್ಲ, ಅದರ ಗಂಟುಗಳು ಅಂಗಳದಲ್ಲಿ ಕೂತವು. ಮೇಡಂ ತಟ್ಟಿದ ಸದ್ದು ತಡವಾಗಿ ಬರುತ್ತಿತ್ತು, ಎರಡು ಸದ್ದು ಒಂದಕ್ಕೊಂದು ಅಂಟಿ ಬರುತ್ತಿದ್ದವು, ಕೆಲವು ಬರುತ್ತಲೇ ಇರಲಿಲ್ಲ. ಶಾವಂತ್ರೆವ್ವ ಎಡಗೈ ಎತ್ತುವಳು, ಎತ್ತಿದ ಕೈ ಹಾಗೇ ನಿಲ್ಲುವುದು. ಕೊನೆಗೆ ಮುಖ ಗೋಡೆಗೆ ತಿರುಗಿಸುವಳು.

"ಕಸ್ತೂರಿ, ತಪ್ಪ ತಿಳೀಬ್ಯಾಡ್ರಿ, ಹಿಂಗಾದ್ರ ನನ್ನ ಕೈಲೆ ಆಗಂಗಿಲ್ಲ," ಎಂದರು ಫರ್ಜಾನಾ. "ಲಕ್ವ ಆದ ಮೊದಲ ಕೆಲವು ತಿಂಗಳ ಭಾಳ ಮುಖ್ಯ. ಈಗ ಬಂದ್ರ ಬಂತು. ನಿಮ್ಮದ ಕಂಪನಿ ಅಲ್ಲೇನ್ರಿ, ಏನರೆ ಮಾಡ್ರಿ."

ನಿಮ್ಮದೇ ಕಂಪನಿ ಎಂಬ ಮಾತು ಕಸ್ತೂರಿಗೆ ನಾಟಿತು. ಅತ್ತೆ ಓದಿಸಿದ ಓದು ಇದು. ಆ ಓದಿನಿಂದ ಸಿಕ್ಕ ಕುರ್ಚಿಯಲ್ಲಿ ಕೂತು ಅತ್ತೆಯ ಮಾತನ್ನೇ ಅಂಗಳದಲ್ಲಿ ಕೂರಿಸಿದಂತಾಗಿತ್ತು.

ಮರುದಿನ ಕೊಪ್ಪಳ ದಾರಿಯಲ್ಲಿ ಯಾರೋ ಜೆಸಿಬಿ ಹಚ್ಚಿ ಕೇಬಲ್ ಹರಿದರು. ದುರಸ್ತಿ ಆಯಿತು. ದಾದಾಪೀರ ಎಂದಿನಂತೆ ಪರೀಕ್ಷೆಗೆ ತುಂಗಕ್ಕನ ಖಾನಾವಳಿಯ ಪುಟ ತೆರೆದ.

ಇದು ಈ ಕೋಣೆಯ ಹಳೆಯ ರೂಢಿ. ತುಂಗಕ್ಕನ ಪುಟದಲ್ಲಿ ಚಿತ್ರವಿಲ್ಲ, ಕುಣಿಯುವ ಜಾಹೀರಾತಿಲ್ಲ. ಮೇಲೆ 'ಇವತ್ತಿನ ಪಲ್ಯ' ಎಂದು ಒಂದು ಸಾಲು, ಕೆಳಗೆ 'ಮಾತಾಡ್ರಿ' ಎಂದು ಒಂದು ಬಟನ್. ಬಟನ್ ಒತ್ತಿದರೆ ನೇರ ಅಡುಗೆಮನೆಗೆ ಸೇರುವುದು, ರೊಟ್ಟಿ ಎಷ್ಟು ಬೇಕೆಂದು ಬಾಯಿಂದಲೇ ಹೇಳುವುದು. ಹತ್ತು ಮಂದಿ ಒಟ್ಟಿಗೆ ಒತ್ತಿದರೆ ಹತ್ತು ಮಂದಿಯೂ ಒಂದೇ ಕಟ್ಟೆಯ ಮೇಲೆ ಕೂತ ಹಾಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿತ್ತು. ಹಗುರವಾದ ಪುಟ, ಲೈನ್ ಬಂತೋ ಇಲ್ಲವೋ ಎಂದು ಕೂಡಲೇ ತಿಳಿಯುತ್ತದೆ. ಪರೀಕ್ಷೆಗೆ ಅದು ಒಳ್ಳೆಯದು ಎಂದು ಎಲ್ಲರೂ ಹೇಳುತ್ತಿದ್ದರು. ನಿಜವಾದ ಕಾರಣವೆಂದರೆ ಹಸಿವು. ದುರಸ್ತಿ ಮುಗಿಯುವ ಹೊತ್ತಿಗೆ ಹೊಟ್ಟೆ ತಾಳ ಹಾಕುತ್ತಿರುತ್ತದೆ, ಇವತ್ತು ಬದನೆಕಾಯಿ ಎಣ್ಣೆಗಾಯಿಯೋ ಹೆಸರುಕಾಳೋ ಎಂದು ತಿಳಿಯದೆ ಇವರಿಗೆ ಸಮಾಧಾನ ಇರುತ್ತಿರಲಿಲ್ಲ.

"ಪುಂಡಿಪಲ್ಯಾ ಐತ್ರಿ ಮೇಡಂ," ಎಂದ ದಾದಾಪೀರ, ಲೈನ್ ಸರಿಯಾಯಿತು ಎನ್ನುವ ಧಾಟಿಯಲ್ಲಿ.

ಕಸ್ತೂರಿ ಪರದೆ ನೋಡಿದಳು, ಮತ್ತೊಮ್ಮೆ ನೋಡಿದಳು. ಆ ಪುಟ ಬಂದ ವೇಗ ಅಂಥಿಂಥದಲ್ಲ. ಒಪ್ಪಂದದ ದೊಡ್ಡ ದೊಡ್ಡ ತಾಣಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಹಮಾಲ ತುಂಗಕ್ಕನ ಪಲ್ಯದ ಸಾಲನ್ನು ತಲೆಯ ಮೇಲೆ ಹೊತ್ತು ತಂದಿತ್ತು. ಹಮಾಲನಿಗೆ ಕಾರಣ ಕೇಳಿದರೆ ಹೇಳುವ ವ್ಯವಸ್ಥೆ ಇತ್ತು. ಕೇಳಿದಳು. ಪರದೆಯ ಮೇಲೆ ಉತ್ತರ ಮೂಡಿತು: 'ಪ್ರತಿ ದುರಸ್ತಿಯ ನಂತರ ಸಿಬ್ಬಂದಿ ಮೊದಲು ಪರೀಕ್ಷಿಸುವ ತಾಣ. ಜಾಲದಲ್ಲಿ ಅತ್ಯಂತ ಮಹತ್ವದ್ದು.'

ದಾದಾಪೀರ ನಗು ತಡೆಯಲಾರದೆ ಮೇಜಿಗೆ ತಲೆ ಇಟ್ಟ. "ಅದಕ್ಕೂ ತಿಳೀತ್ ನೋಡ್ರಿ ಮೇಡಂ, ಜಗತ್ತಿನಾಗ ಯಾವ್ದ ಮುಖ್ಯ ಅಂತ."

ಕಸ್ತೂರಿ ನಗಲಿಲ್ಲ. ಅವಳ ಕಣ್ಣು ಆ 'ಮಾತಾಡ್ರಿ' ಬಟನ್ನಿನ ಮೇಲೆ ನಿಂತಿತ್ತು.

ಪಾಳಿ ಮುಗಿದ ಕೂಡಲೇ ಖಾನಾವಳಿಗೆ ಹೋದಳು. ತುಂಗಕ್ಕ ಸಜ್ಜನ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಗಟ್ಟಿ ಆಳು, ಹಣೆ ತುಂಬ ವಿಭೂತಿ. ಕಸ್ತೂರಿ ಅತ್ತೆಯ ಸಂಗತಿಯನ್ನೆಲ್ಲ ಹೇಳಿದಳು. ನಿಮ್ಮ ಬಟನ್ ಒತ್ತಿ ನಮ್ಮ ಅತ್ತೆಯೂ ಧಾರವಾಡದ ಮೇಡಮ್ಮೂ ದಿನಾ ಸ್ವಲ್ಪ ಹೊತ್ತು ಮಾತಾಡಬಹುದೇ ಎಂದು ಸಂಕೋಚದಿಂದ ಕೇಳಿದಳು.

"ಅಲ್ಲವಾ, ಬಟನ್ ಒತ್ತಿದ್ರ ನಂದೇನ ಸವೀತೈತಿ?" ಎಂದಳು ತುಂಗಕ್ಕ. "ಆದ್ರ ಒಂದ್ ಮಾತ. ನಾ ರೊಟ್ಟಿ ಬಡ್ಯೂದ ನಿಲ್ಸಂಗಿಲ್ಲ. ಗದ್ದಲಾ ಅಂತ ನಿಮ್ ಮೇಡಂ ಬೈಬಾರ್ದ ನೋಡ ಮತ್ತ."

"ಇಲ್ಲ ತುಂಗಕ್ಕ."

"ಹಂಗಾರ ನಾಳೆ ಬರ್ರಿ. ಅಂದಂಗ ನಿಮ್ಮತ್ತಿ ರೊಟ್ಟಿ ಶಾವಂತ್ರೆವ್ವ ಏನ? ಅಯ್ಯ, ಮೊದಲ ಹೇಳಬಾರ್ದ! ಆಕಿ ರೊಟ್ಟಿ ತಿಂದೀನಿ ನಾನು. ಕಾಗದದಂಗ ಇರ್ತಿದ್ವು."

ಮರುದಿನ ಬೆಳಿಗ್ಗೆ ಕಸ್ತೂರಿ ಅತ್ತೆಯ ಮುಂದೆ ಫೋನಿಟ್ಟು ಬಟನ್ ಒತ್ತಿದಳು. ಫರ್ಜಾನಾ ಧಾರವಾಡದಿಂದ ಒತ್ತಿದರು. ಮೊದಲು ಕೇಳಿಸಿದ್ದು ಇಬ್ಬರ ದನಿಯೂ ಅಲ್ಲ, ಕೊಣಮಿಗೆಯ ಮರದ ಹರಿವಾಣದಲ್ಲಿ ತುಂಗಕ್ಕ ರೊಟ್ಟಿ ಬಡಿಯುವ ಸದ್ದು. ಪಟ ಪಟ ಪಟ ಎಂದು, ಪಕ್ಕದ ಕೋಣೆಯಿಂದ ಬಂದಂತೆ, ಒಂದೂ ಪೆಟ್ಟು ತಪ್ಪದೆ.

ಶಾವಂತ್ರೆವ್ವ ತಲೆ ಎತ್ತಿದಳು. ಎಡಗೈ ತಾನಾಗಿ ಹೊರಸಿನ ಅಂಚಿಗೆ ಹೋಯಿತು. ಸದ್ದಿನ ಜೊತೆಗೇ ತಟ್ಟತೊಡಗಿತು. ಫರ್ಜಾನಾ ಏನೋ ಹೇಳಹೊರಟವರು ತಟ್ಟನೆ ಸುಮ್ಮನಾದರು. ಜಾಣೆ ಆಕೆ. ತನ್ನ ತಾಳ ಬಿಟ್ಟು ತುಂಗಕ್ಕನ ತಾಳಕ್ಕೇ ಶಬ್ದಗಳನ್ನು ಕೂರಿಸಿ ಹೇಳತೊಡಗಿದರು. ನೀ-ರು. ಹಿ-ಟ್ಟು. ಒ-ಲಿ. ಶಾವಂತ್ರೆವ್ವನ ತುಟಿ ಅಲುಗಿತು, ದನಿ ಬರಲಿಲ್ಲ. ಅಂದು ಬರಲಿಲ್ಲ, ಮರುದಿನವೂ ಬರಲಿಲ್ಲ. ಆದರೆ ಆಕೆ ಗೋಡೆಗೆ ಮುಖ ತಿರುಗಿಸಲಿಲ್ಲ, ಬೆಳಿಗ್ಗೆ ಎದ್ದ ಕೂಡಲೇ ಫೋನಿನ ಕಡೆ ಕೈ ತೋರಿಸತೊಡಗಿದಳು.

ಒಂದು ಬೆಳಿಗ್ಗೆ ತುಂಗಕ್ಕ ರೊಟ್ಟಿಯನ್ನು ಹಂಚಿಗೆ ಹಾಕಿ ಯಾರೋ ಗಿರಾಕಿಯ ಜೊತೆ ಮಾತಿಗಿಳಿದಳು. ಬಡಿಯುವ ಸದ್ದು ನಿಂತಿತು. ಮಾತು ಬೆಳೆಯಿತು. ಇತ್ತ ಶಾವಂತ್ರೆವ್ವನ ಎಡಗೈ ಚಡಪಡಿಸತೊಡಗಿತು, ಹುಬ್ಬು ಗಂಟಿಕ್ಕಿತು, ಕತ್ತು ಫೋನಿನ ಕಡೆ ಬಾಗಿತು. ಆಮೇಲೆ ಆ ಗಂಟಲಿನಿಂದ, ಅಷ್ಟು ತಿಂಗಳಿಂದ ಗಾಳಿ ಮಾತ್ರ ಬರುತ್ತಿದ್ದ ಗಂಟಲಿನಿಂದ, ಒರಟಾಗಿ ಒಂದು ಮಾತು ಬಂತು.

"ಹೊತ್ತತು!"

ಅಡುಗೆಮನೆಯಲ್ಲಿ ತುಂಗಕ್ಕ ಹಂಚಿನ ಕಡೆ ಓಡಿದ ಸದ್ದು ಕೇಳಿಸಿತು. "ಅಯ್ಯ ಶಿವನ, ಖರೇನ ಹೊತ್ತೈತಿ," ಎಂದಳು. "ಯಾರ ಅಂದಿದ್ದ ಅದು?" ಎಂದು ತುಂಗಕ್ಕನೇ ಕೇಳಿದಳು. ಫರ್ಜಾನಾ ಧಾರವಾಡದಲ್ಲಿ ಅಳುತ್ತಿದ್ದರು. ಕಸ್ತೂರಿ ಅತ್ತೆಯ ಕಾಲ ಬುಡದಲ್ಲಿ ನೆಲದ ಮೇಲೆ ಕೂತುಬಿಟ್ಟಿದ್ದಳು. ಶಾವಂತ್ರೆವ್ವ ಮಾತ್ರ, ಒಂದು ರೊಟ್ಟಿ ಹಾಳಾಯಿತಲ್ಲ ಎಂಬ ಸಿಟ್ಟಿನಲ್ಲಿ ಇನ್ನೂ ಹುಬ್ಬು ಇಳಿಸಿರಲಿಲ್ಲ.

ಹೊಟ್ಟೆಯಲ್ಲಿ ಹಿಡಿಸಲಾಗದಷ್ಟು ಸಂತೋಷವಾದರೆ ತುಂಗಕ್ಕ ಸುಮ್ಮನಿರುವ ಹೆಂಗಸಲ್ಲ. ಊಟಕ್ಕೆ ಬಂದವರಿಗೆಲ್ಲ ಹೇಳಿದಳು. ತಿಂಗಳೊಪ್ಪತ್ತಿನಲ್ಲಿ ಆ ಬಟನ್ ಊರಿನ ಕಟ್ಟೆಯಾಯಿತು. ಲಕ್ಕುಂಡಿಯ ಶಾಲೆಯ ಮೇಷ್ಟ್ರು ಮಗ್ಗಿ ಹೇಳಿಸಲು ಒತ್ತುತ್ತಿದ್ದರು. ಎಮ್ಮೆಗೆ ಹೊಟ್ಟೆ ಉಬ್ಬಿದರೆ ದನದ ಡಾಕ್ಟರನ್ನು ಅಲ್ಲೇ ಕರೆಯುತ್ತಿದ್ದರು. ನಡುವೆ ನಿಜವಾದ ಗಿರಾಕಿಗಳೂ ಬಂದು, ಎಮ್ಮೆಗೆ ಹೇಳಿದ ಔಷಧ ತಮ್ಮ ಊಟಕ್ಕೋ ಎಂದು ಗಾಬರಿಯಾಗುತ್ತಿದ್ದರು. ತುಂಗಕ್ಕ ಎಲ್ಲರನ್ನೂ ಗದರಿಸಿ ಸರತಿ ಹಚ್ಚುತ್ತಿದ್ದಳು. ಆದರೆ ಬೆಳಗಿನ ಮೊದಲ ಹೊತ್ತು ಶಾವಂತ್ರೆವ್ವನದು, ಆಗ ಬೇರೆ ಯಾರೂ ಬಾಯಿ ತೆರೆಯುವಂತಿರಲಿಲ್ಲ.

ಇಷ್ಟು ಗದ್ದಲವಾದ ಮೇಲೆ ಹುಬ್ಬಳ್ಳಿಯ ಮುಖ್ಯ ಕಚೇರಿಗೆ ತಿಳಿಯದೆ ಇದ್ದೀತೆ? ಒಪ್ಪಂದದ ತಾಣವೊಂದು, ಮನೆ ಮನೆಗೆ ಊಟ ಮುಟ್ಟಿಸುವ ದೊಡ್ಡ ಕಂಪನಿಯದು, ದೂರು ಕೊಟ್ಟಿತು. ಗದಗಿನ ಯಾವುದೋ ಖಾನಾವಳಿ ತಮಗಿಂತ ಬೇಗ ತೆರೆಯುತ್ತಿದೆ, ಇದೇನು ಕಥೆ ಎಂದು. ಗಲಗಲಿ ಸಾಹೇಬರು ಕಾರು ಮಾಡಿಕೊಂಡು ಬಂದರು. ತೆಳ್ಳಗಿನ ಮನುಷ್ಯ, ಸಿಟ್ಟು ಬಂದರೆ ದನಿ ಇನ್ನೂ ಮೆತ್ತಗಾಗುತ್ತಿತ್ತು.

"ಹಮಾಲ ಯಾಕ ಹಿಂಗ ಮಾಡ್ತು ನಿಮಗ ಗೊತ್ತಿತ್ತೇನ್ರಿ ಕಸ್ತೂರಿ?"

"ಗೊತ್ತಿತ್ರಿ ಸರ್."

"ಹೇಳಬೇಕಿತ್ತಲ್ಲ."

"ನಮ್ಮತ್ತಿ ಮಾತ ಅದರಾಗ ಬರಾಕತ್ತಿತ್ರಿ. ಅದಕ್ಕ ಹೇಳ್ಲಿಲ್ರಿ."

ಸುಳ್ಳು ಬರುತ್ತದೆ ಎಂದು ಕಾದಿದ್ದ ಗಲಗಲಿಯವರು ಒಂದು ಗಳಿಗೆ ಅವಳ ಮುಖ ನೋಡಿದರು. "ಆ ಪುಟಾನ ಈಗ ಕೈಯಿಂದ ಅಂಗಳಕ್ಕ ಹಾಕ್ರಿ," ಎಂದರು. "ಆದ್ರ ಅದು ತಾತ್ಕಾಲಿಕ. ಮುಂದ ಲೈನ್ ಕೆಟ್ಟಾಗ ನೀವು ಮತ್ತ ಪಲ್ಯಾ ತಗದ್ರ ಹಮಾಲ ಮತ್ತ ಅದನ್ನ ಕಲೀತೈತಿ. ಮುಂದಿನ ದುರಸ್ತಿಯಿಂದ ಅದಕ್ಕ ಖರೇನ ಯಾವ್ದು ಮುಖ್ಯ ಐತಿ, ಅದನ್ನ ತೋರಸ್ರಿ. ತಿಳೀತಿಲ್ಲೋ?"

"ತಿಳೀತ್ರಿ."

ಕಸ್ತೂರಿ ತನ್ನ ಬೆರಳಿನಿಂದಲೇ ತುಂಗಕ್ಕನ ಪುಟವನ್ನು ಅಂಗಳಕ್ಕೆ ಹಾಕಿದಳು.

ಮರುದಿನ ಬೆಳಿಗ್ಗೆ ರೊಟ್ಟಿಯ ಸದ್ದು ಹರಿದು ಬಂತು. ಒಂದು ಪೆಟ್ಟು, ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ನಾಲ್ಕು ಪೆಟ್ಟು ಒಮ್ಮೆಲೇ. ಆ ಹೊತ್ತಿಗೆ ಶಾವಂತ್ರೆವ್ವನಿಗೆ ಹತ್ತಾರು ಶಬ್ದ ಬಂದಿದ್ದವು. ನೀರು, ಬಾ, ಬ್ಯಾಡ, ಮೊಮ್ಮಗಳ ಹೆಸರು. ಸೊಸೆಯ ಹೆಸರು ಮೂರು ಅಕ್ಷರ, ಅದರ ಮೊದಲ ಅಕ್ಷರದ ತನಕ ಬಂದಿದ್ದಳು. ಎಡಗೈ ಎತ್ತಿ ತಾಳ ಹುಡುಕಿದಳು. ಸಿಗಲಿಲ್ಲ. "ಕ," ಎಂದಳು. "ಕ." ಮತ್ತೆ ಆಗಲಿಲ್ಲ. ಫೋನನ್ನು ಮೆಲ್ಲಗೆ ದೂರ ಸರಿಸಿ ಗೋಡೆಯ ಕಡೆ ತಿರುಗಿದಳು. ಕಸ್ತೂರಿ ಬಚ್ಚಲಿಗೆ ಹೋಗಿ ನಳ ಬಿಟ್ಟುಕೊಂಡು ಅತ್ತಳು.

ಸೋಮವಾರ ಖಾನಾವಳಿಗೆ ರಜೆ. ಅಂದು ಬೆಳಿಗ್ಗೆ ಬಾಗಿಲಲ್ಲಿ ತುಂಗಕ್ಕ ನಿಂತಿದ್ದಳು. ಒಂದು ಬಗಲಲ್ಲಿ ಕೊಣಮಿಗೆ, ಇನ್ನೊಂದು ಕೈಯಲ್ಲಿ ಹಿಟ್ಟಿನ ಡಬ್ಬಿ.

"ತುಂಗಕ್ಕ, ನಿಮ್ಮ ಪುಟಾ ಅಂಗಳಕ್ಕ ಹಾಕಿದಾಕಿ ನಾನ," ಎಂದಳು ಕಸ್ತೂರಿ. ಬೇರೆ ಯಾವ ಮಾತೂ ಅವಳಿಗೆ ಹೊಳೆಯಲಿಲ್ಲ.

"ಗೊತ್ತೈತಿ, ಅತ್ಲಾಗ ಸರಿ. ನೌಕರಿ ಅಂದಮ್ಯಾಲ ಮಾಡಬೇಕಾಗ್ತೈತಿ. ಒಲಿ ಎಲ್ಲೈತಿ ಹೇಳು."

ಹೊರಸಿನ ಎದುರಿಗೇ ಕೂತು ತುಂಗಕ್ಕ ರೊಟ್ಟಿ ಬಡಿದಳು. ವಾರದ ಒಂದೇ ರಜೆಯನ್ನು ಯಾರದೋ ಮನೆಯ ಒಲೆಯ ಮುಂದೆ ಕಳೆದಳು. ಶಾವಂತ್ರೆವ್ವನ ಕೈ ಮತ್ತೆ ಎದ್ದಿತು, ಮತ್ತೆ ಎರಡು ಶಬ್ದ ಹೊರಬಂದವು. ಕಸ್ತೂರಿ ಆ ಇಬ್ಬರನ್ನೂ ನೋಡುತ್ತ ನಿಂತಳು. ಇವಳು ನಮಗೇನೂ ಆಗಬೇಕಾದವಳಲ್ಲ, ಆದರೂ ಬಂದಿದ್ದಾಳೆ. ಹಾಗೆ ನೋಡಿದರೆ ಅತ್ತೆಯೂ ಹೀಗೇ ಬಂದಿದ್ದಳು, ಕೇಳದೆಯೇ, ನನ್ನ ಒಲೆಯ ಮುಂದೆ ಕೂರಲು. ಮುಖ್ಯವಾದದ್ದು ಯಾವುದೆಂದು ಇವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗೆ ಯೋಚಿಸುತ್ತಿರುವಾಗಲೇ ಗಲಗಲಿ ಸಾಹೇಬರ ಮಾತು ಅವಳಿಗೆ ನೆನಪಾಯಿತು. ಖರೇನ ಯಾವ್ದು ಮುಖ್ಯ ಐತಿ, ಅದನ್ನ ತೋರಸ್ರಿ.

ಸಾಹೇಬರು ಸ್ವತಃ ಹೇಳಿದ್ದಾರೆ. ತೋರಿಸಿದರಾಯಿತು.

ಮುಂಗಾರಿನ ಗಾಳಿ ಶುರುವಾಯಿತು. ಒಂದು ಮಧ್ಯಾಹ್ನ ಮುಂಡರಗಿ ಕಡೆ ಕಂಬ ಬಿದ್ದು ಲೈನ್ ಹೋಯಿತು. ದುರಸ್ತಿ ಮುಗಿದ ಕೂಡಲೇ ದಾದಾಪೀರನ ಬೆರಳು ರೂಢಿಯ ಮೇಲೆ ಪಲ್ಯದ ಕಡೆ ಹೊರಟಿತು.

"ತಡೀ ದಾದಾಪೀರ," ಎಂದಳು ಕಸ್ತೂರಿ. "ಎಲ್ಲಾರೂ ಕೇಳ್ರಿ. ಖರೇನ ಮುಖ್ಯ ಇದ್ದದ್ದನ್ನ ಹಮಾಲಗ ತೋರಸ್ರಿ ಅಂತ ಸಾಹೇಬ್ರು ಹೇಳ್ಯಾರ. ನಿಮಗ ಯಾವ್ದು ಮುಖ್ಯನೋ ಅದನ್ನ ತಗೀರಿ. ನಾ ಮಾಡಿಸಿದ್ದು ಅಂತ ಆಮ್ಯಾಲ ನಾನ ಹೇಳ್ತೀನಿ, ನಿಮ್ಮ ಮ್ಯಾಲ ಬರಂಗಿಲ್ಲ."

ಅವಳು ಮಾತಿನ ಮನೆ ತೆರೆದಳು. ದಾದಾಪೀರ ಒಂದು ಗಳಿಗೆ ಅವಳನ್ನು ನೋಡಿ, ಅಂಗವಿಕಲರಿಗೆ ಗಾಲಿ ಕುರ್ಚಿ ದುರಸ್ತಿ ಮಾಡಿಕೊಡುವ ತನ್ನ ತಮ್ಮನ ಪುಟ ತೆರೆದ. ಮೂಲೆಯಲ್ಲಿದ್ದ ವಿನುತಾ, ತವರಿನ ಹೆಂಗಸರು ಕೌದಿ ಹೊಲಿದು ಮಾರುವ ತಾಣ ತೆರೆದಳು. ಒಬ್ಬನು ತನ್ನ ಹಳೆಯ ಶಾಲೆಯದನ್ನು ತೆರೆದ. ಪಲ್ಯ ನೋಡದೆ ಊಟವಿಲ್ಲ ಎಂದು ಇನ್ನೊಬ್ಬ ತುಂಗಕ್ಕನದನ್ನೇ ತೆರೆದ, ಅವನಿಗೂ ಯಾರೂ ಬೇಡವೆನ್ನಲಿಲ್ಲ.

ಸಂಜೆ ಪಾಳಿಯವರಿಗೆ ಸುದ್ದಿ ಹೋಯಿತು. ಕೊಪ್ಪಳ, ಹಾವೇರಿಯ ಕಂಟ್ರೋಲ್ ರೂಮುಗಳಿಗೂ ಹೋಯಿತು. ಅಲ್ಲಿ ಕೂತವರಿಗೂ ಮನೆಯಿತ್ತು, ಅವರ ಮನೆಯವರ ಗಂಟುಗಳೂ ಅಂಗಳದಲ್ಲೇ ಕೂತಿದ್ದವು. ಆ ವರ್ಷ ಗಾಳಿ ಜೋರು, ದಿನಕ್ಕೊಂದು ಕಡೆ ಲೈನ್ ಹೋಗುತ್ತಿತ್ತು, ಪ್ರತಿ ದುರಸ್ತಿಗೂ ಇವರು ಹೊಸ ಹೊಸದನ್ನು ತೋರಿಸುತ್ತಿದ್ದರು. ಹಮಾಲ ತಕರಾರಿಲ್ಲದೆ ಕಲಿಯಿತು. ಇದೂ ಮುಖ್ಯ, ಇದೂ ಮುಖ್ಯ, ಅದೂ ಮುಖ್ಯ. ಆಮೇಲೆ ಒಂದು ದಿನ, ತಾನು ಕಾಣದೆ ಇದ್ದ ತಾಣದ ಗಂಟು ಬಂದಾಗ ಅದನ್ನೂ ಕಾಯಿಸದೆ ಎತ್ತಿತು. ಕಸ್ತೂರಿ ಕಾರಣ ಕೇಳಿದಳು. 'ಮಹತ್ವವಿಲ್ಲದ ತಾಣ ಇದುವರೆಗೆ ಕಂಡುಬಂದಿಲ್ಲ' ಎಂದು ಉತ್ತರ ಬಂತು. ಅಂಗಳ ಖಾಲಿಯಾಗಿತ್ತು.

ಗಲಗಲಿ ಸಾಹೇಬರು ಎರಡನೆಯ ಸಲ ಬಂದಾಗ ಕಸ್ತೂರಿ ಎದ್ದು ನಿಂತು, ಕೇಳುವ ಮೊದಲೇ ಎಲ್ಲವನ್ನೂ ಹೇಳಿದಳು. "ಮಾಡಿಸಿದ್ದು ನಾನ್ರಿ ಸರ್. ಇವ್ರದ ಯಾರ್ದೂ ತಪ್ಪಿಲ್ಲ. ನೀವು ಮುಖ್ಯ ಇದ್ದದ್ದನ್ನ ತೋರಸ್ರಿ ಅಂದ್ರಿ, ಅದನ್ನ ತೋರಿಸೀವಿ. ನನ್ನ ನೌಕರಿ ತಗದ್ರೂ ನಡೀತೈತ್ರಿ."

ಗಲಗಲಿಯವರು ಪರದೆಯ ಮುಂದೆ ಕೂತರು. ಒಪ್ಪಂದದ ತಾಣಗಳು ನಿಧಾನವಾಗಿದ್ದಾವೆಯೇ ಎಂದು ನೋಡಿದರು. ಆಗಿರಲಿಲ್ಲ. ಹಮಾಲನ ಮೇಲಿನ ಹೊರೆ ನೋಡಿದರು, ಅದು ಮೊದಲಿಗಿಂತ ಕಡಿಮೆಯಾಗಿತ್ತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

ಕಾರಣ ಸರಳವಾಗಿತ್ತು. ಗಂಟನ್ನು ಅಂಗಳದಲ್ಲಿ ಕೂರಿಸಿದರೆ ಜನ ಸುಮ್ಮನೆ ಕೂರುವುದಿಲ್ಲ. ಬರಲಿಲ್ಲವೆಂದು ಮತ್ತೆ ಒತ್ತುತ್ತಾರೆ, ಮತ್ತೂ ಒತ್ತುತ್ತಾರೆ. ಒಂದು ಗಂಟಿನ ಜಾಗದಲ್ಲಿ ನಾಲ್ಕು ಬಂದು ಬೀಳುತ್ತವೆ. ಕಾಯಿಸದೆ ಸಾಗಿಸಿದರೆ ಒಂದೇ ಸಲಕ್ಕೆ ಕೆಲಸ ಮುಗಿಯುತ್ತದೆ. ದಾರಿಯಲ್ಲಿ ಎಲ್ಲರಿಗೂ ಜಾಗ ಇತ್ತು. ಇಕ್ಕಟ್ಟು ಆದದ್ದು ಕಾಯಿಸಿದ್ದರಿಂದಲೇ.

"ಇದನ್ನ ನಾ ಬರದು ಕಳಸ್ತೀನಿ," ಎಂದರು ಗಲಗಲಿ, ಮೆತ್ತಗಿನ ದನಿಯಲ್ಲೇ. "ಕಾಯಸೂದರಿಂದ ನಷ್ಟ ಐತಿ ಅಂತ. ಮ್ಯಾಲಿನವ್ರು ಓದಿದ್ರ ಹಮಾಲ ಹಿಂಗ ಇರ್ತೈತಿ. ಓದಲಿಲ್ಲಂದ್ರ ನಾನೂ ನೀವೂ ಕೂಡೇ ಮನಿಗೆ ಹೋಗೂನು." ಬಾಗಿಲ ತನಕ ಹೋದವರು ತಿರುಗಿ, "ನಿಮ್ಮತ್ತಿ ಹ್ಯಾಂಗದಾರ್ರಿ ಈಗ?" ಎಂದು ಕೇಳಿದರು. ಬೈಯಬಹುದಾಗಿದ್ದ ಮನುಷ್ಯ ಹಾಗೆ ಕೇಳಿದ್ದಕ್ಕೆ, "ಒಂದೊಂದ ಶಬ್ದ ಬರಾಕತ್ತಾವ್ರಿ ಸರ್," ಎಂದಳು ಕಸ್ತೂರಿ.

ಮೇಲಿನವರು ಓದಿದರು. ಒಪ್ಪಂದದವರು ಗೊಣಗಿ ಸುಮ್ಮನಾದರು. ಸದ್ದಿಲ್ಲದೆ ಹೋಗಿದ್ದ ಹಳೆಯ ನಿಯಮ ಮರುವರ್ಷ ಹಾಗೇ ಸದ್ದಿಲ್ಲದೆ ಹಿಂದಕ್ಕೆ ಬಂತು. ಅದೂ ಮದುವೆ ಸೀಸನ್ನೇ, ಊರಿನವರಿಗೆ ಅದೂ ಗೊತ್ತಾಗಲಿಲ್ಲ.

ಆ ಮೇಲಿನ ಒಂದು ಮುಂಗಾರಿನಲ್ಲಿ ಮತ್ತೆ ಲೈನ್ ಕೆಟ್ಟಿತು. ದುರಸ್ತಿಯಾಗುವ ಹೊತ್ತಿಗೆ ಊಟದ ಸಮಯ ಮೀರಿತ್ತು. ಈಗ ಯಾವುದನ್ನು ತೆರೆದರೂ ಹಮಾಲನಿಗೆ ಒಂದೇ, ಆದ್ದರಿಂದ ಅಂದು ಪರೀಕ್ಷೆಗೆ ಕಸ್ತೂರಿ ತುಂಗಕ್ಕನ ಪುಟವನ್ನೇ ತೆರೆದಳು. ಇವತ್ತಿನ ಪಲ್ಯ ಹೆಸರುಕಾಳು. ದನಿ ಹೇಗೆ ಹೋಗುತ್ತಿದೆ ಎಂದು ನೋಡಲು 'ಮಾತಾಡ್ರಿ' ಒತ್ತಿದಳು.

ರೊಟ್ಟಿ ಬಡಿಯುವ ಸದ್ದು ಬಂತು, ಒಂದೂ ಪೆಟ್ಟು ತಪ್ಪದೆ. ಅದರ ಮೇಲೆ ಇನ್ನೊಂದು ದನಿ, ನಿಧಾನವಾಗಿ, ಒಂದೊಂದೇ ಶಬ್ದ ಇಡುತ್ತ.

"ಯಾರು? ರೊಟ್ಟಿ... ಎಷ್ಟು... ಬೇಕು?"

ಮೂರು ತಿಂಗಳಿಂದ ಶಾವಂತ್ರೆವ್ವ ತುಂಗಕ್ಕನ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಬಲಗೈ ಇನ್ನೂ ರೊಟ್ಟಿಗೆ ಬಾರದು, ಆದರೆ ಬಟನ್ ಒತ್ತಿದವರಿಗೆ ಉತ್ತರ ಕೊಡುವ ಕೆಲಸ ಆಕೆಯದೇ. ಕಸ್ತೂರಿಗೆ ಅದು ಗೊತ್ತಿತ್ತು. ಆದರೂ ಕಂಟ್ರೋಲ್ ರೂಮಿನ ಸ್ಪೀಕರಿನಲ್ಲಿ, ಎಲ್ಲರ ನಡುವೆ, ಆ ದನಿ ಕೇಳಿ ಅವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

"ನಾನ ಅತ್ತೀ," ಎಂದಳು. "ಲೈನ್ ಬಂತಿಲ್ಲೋ ನೋಡಾಕ ಒತ್ತೀನಿ. ಕೇಳಸ್ತೈತೇನ?"

"ಕೇಳಸ್ತೈತಿ... ಕಸ್ತೂರಿ."

ಮೂರು ಅಕ್ಷರವೂ ಬಂದವು. ದಾದಾಪೀರ ಕುರ್ಚಿ ತಿರುಗಿಸಿ ಕಿಟಕಿಯ ಕಡೆ ನೋಡತೊಡಗಿದ. ಕಸ್ತೂರಿಗೆ ಹೇಳಬೇಕಾದದ್ದು ಇಷ್ಟು ವರ್ಷದ್ದೆಲ್ಲ ಗಂಟಲಿಗೆ ಬಂತು. ಓದಿಸಿದ್ದು, ಹೊತ್ತು ಸಾಕಿದ್ದು, ಬಾಗಿಲಲ್ಲಿ ನಿಂತು ಕಾಯ್ದದ್ದು. ಎಲ್ಲರೂ ಕೇಳುತ್ತಿದ್ದಾರೆ ಎಂದು ಈ ಸಲ ಅವಳು ನುಂಗಿಕೊಳ್ಳಲಿಲ್ಲ.

"ಅತ್ತೀ, ನೀವು ಓದಿಸಿದ್ರಿ ಅಂತ ನಾ ಇಲ್ಲಿ ಕುಂತೀನಿ. ಒಂದ್ ದಿನಾನೂ ಹೇಳಿಲ್ಲ ನಿಮಗ. ಇವತ್ತ ಹೇಳಾಕತ್ತೀನಿ."

ಬಡಿಯುವ ಸದ್ದು ನಿಂತಿತು. ತುಂಗಕ್ಕನೂ ಕೇಳುತ್ತಿದ್ದಳು ಎಂದು ಕಾಣುತ್ತದೆ. ಆಚೆಯಿಂದ ಬಹಳ ಹೊತ್ತು ಏನೂ ಬರಲಿಲ್ಲ. ಲೈನ್ ಹೋಯಿತೇನೋ ಎಂದು ವಿನುತಾ ಪರದೆ ನೋಡಿದಳು. ಲೈನ್ ಸರಿಯಾಗಿತ್ತು. ಶಾವಂತ್ರೆವ್ವ ಶಬ್ದ ಹುಡುಕುತ್ತಿದ್ದಳು.

"ನಿನ್ನ ಹೊಟ್ಟಿ... ತಣ್ಣಗಿರ್ಲಿ," ಎಂದಳು ಕೊನೆಗೆ. ಆಮೇಲೆ, ಹಳೆಯ ಶಾವಂತ್ರೆವ್ವನ ದನಿಯಲ್ಲಿ, "ಹೊತ್ತಾತು. ಉಣ್ಣಾಕ ಬಾ. ತುಂಗಾ, ರೊಟ್ಟಿ... ತಿರುವಿ ಹಾಕ."